ಪುಸ್ತಕದ ಬೆಲೆ, ಕಟ್ಟಡದ ಬೆಲೆ: ಗ್ಲಾಸ್ಗೋ ಕಲಾಶಾಲೆ ಕಲಿಸುವ ಪಾಠ

ಕಟ್ಟಡವೊಂದರ ಬೆಲೆ ಎಷ್ಟು ಎಂಬ ಪ್ರಶ್ನೆಗೆ ಲೆಕ್ಕಪರಿಶೋಧಕ, ಬ್ಯಾಂಕಿನ ವ್ಯವಸ್ಥಾಪಕ, ವಿಮಾ ಸರ್ವೇಯರ್ ಮತ್ತು ತೆರಿಗೆ ಅಧಿಕಾರಿ ನಾಲ್ಕು ಬೇರೆ ಬೇರೆ ಉತ್ತರಗಳನ್ನು ಕೊಡುತ್ತಾರೆ. ಅವರವರ ಉದ್ದೇಶಕ್ಕೆ ನಾಲ್ಕೂ ಸರಿಯೇ. ಆದರೆ ಕಟ್ಟಡವು ಕೈತಪ್ಪಿಹೋದ ದಿನ ಈ ನಾಲ್ಕು ಉತ್ತರಗಳ ಪೈಕಿ ಯಾವುದನ್ನು ನಂಬಿ ನಾವು ವ್ಯವಹಾರ ನಡೆಸುತ್ತಿದ್ದೆವು ಎಂಬುದು ತಾನಾಗಿ ಬಯಲಿಗೆ ಬರುತ್ತದೆ. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಕಲಾಶಾಲೆಯ ಕಟ್ಟಡವು ಈ ಮಾತಿಗೆ ಜಗತ್ತೇ ಬಲ್ಲ ನಿದರ್ಶನ. ವಾಸ್ತುಶಿಲ್ಪದ ಇತಿಹಾಸದಲ್ಲಿ ಅಗ್ರಸ್ಥಾನ ಪಡೆದ ಈ ಕಟ್ಟಡವು 2014ರಲ್ಲಿ ಒಮ್ಮೆ, 2018ರಲ್ಲಿ ಮತ್ತೊಮ್ಮೆ ಬೆಂಕಿಗೆ ತುತ್ತಾಯಿತು. ಕಲಾವಿದರಿಗೆ ಇದು ಶೋಕದ ವಿಷಯ. ಶೆಡ್ಡು, ಗೋದಾಮು, ಅಂಗಡಿಗಳನ್ನು ನಂಬಿ ಬದುಕುವ ನಮ್ಮ ಸದಸ್ಯ ಬಂಧುಗಳಿಗೆ ಇದು ಅಧ್ಯಯನದ ವಿಷಯವೂ ಆಗಬೇಕೆಂಬುದು ಈ ಲೇಖನದ ಉದ್ದೇಶ.

ಕೈಗಾರಿಕೆಗಾಗಿ ಹುಟ್ಟಿದ ಶಾಲೆ

ಕಲಾಶಾಲೆ ಎಂದೊಡನೆ ವಾಣಿಜ್ಯಕ್ಕೂ ಅದಕ್ಕೂ ಏನು ಸಂಬಂಧ ಎಂದು ಕೇಳುವುದು ಸಹಜ. ಆದರೆ ಈ ಸಂಸ್ಥೆಯ ಮೂಲವೇ ಕೈಗಾರಿಕೆ. 1845ರಲ್ಲಿ ಇದು ಪ್ರಾರಂಭವಾದಾಗ ಇದರ ಹೆಸರು ಸರ್ಕಾರಿ ವಿನ್ಯಾಸ ಶಾಲೆ ಎಂದಿತ್ತು. ಬ್ರಿಟಿಷ್ ಕಾರ್ಖಾನೆಗಳಲ್ಲಿ ತಯಾರಾಗುವ ವಸ್ತುಗಳು ಅಂದಚೆಂದದಲ್ಲಿ ಇತರ ದೇಶಗಳ ಸರಕಿಗಿಂತ ಹಿಂದೆ ಬೀಳುತ್ತಿವೆ ಎಂಬ ಆತಂಕದಿಂದ ಅಂದಿನ ಸರ್ಕಾರವು ಕೈಗಾರಿಕಾ ನಗರಗಳಲ್ಲಿ ಇಂತಹ ಶಾಲೆಗಳನ್ನು ತೆರೆಯಿತು. ಹಡಗು ನಿರ್ಮಾಣ, ಎರಕದ ಕಬ್ಬಿಣ, ಜವಳಿ ಇವುಗಳಿಗೆ ಹೆಸರಾದ ಗ್ಲಾಸ್ಗೋ ಅಂತಹ ನಗರಗಳಲ್ಲೊಂದು. ಅಂದರೆ ಚಿತ್ರ ಬರೆಯುವುದನ್ನು ಕಲಿಸಿದ್ದು ಕೇವಲ ಗೋಡೆಗೆ ತೂಗುಹಾಕುವುದಕ್ಕಲ್ಲ, ಸರಕಿನ ಗುಣಮಟ್ಟವನ್ನು ಹೆಚ್ಚಿಸುವುದಕ್ಕೆ.

1885ರಿಂದ ಫ್ರಾನ್ಸಿಸ್ ನ್ಯೂಬೆರಿಯವರು ಶಾಲೆಯ ಮುಖ್ಯಸ್ಥರಾಗಿ ದಕ್ಷತೆಯಿಂದ ಕಾರ್ಯನಿರ್ವಹಿಸಿದರು. ವಿದ್ಯಾರ್ಥಿಗಳ ಸಂಖ್ಯೆ ಬೆಳೆದು ಸ್ವಂತ ಕಟ್ಟಡದ ಅಗತ್ಯ ಕಂಡುಬಂದಾಗ ದತ್ತಿ ಸಂಸ್ಥೆಯೊಂದರ ನೆರವಿನಿಂದ ರೆನ್‌ಫ್ರೂ ಬೀದಿಯಲ್ಲಿ ನಿವೇಶನ ದೊರೆಯಿತು. 1896ರಲ್ಲಿ ನಕ್ಷೆಗಳಿಗಾಗಿ ಸ್ಪರ್ಧೆ ಏರ್ಪಡಿಸಲಾಯಿತು. ಆಡಳಿತ ಮಂಡಳಿ ಗೊತ್ತುಪಡಿಸಿದ ವೆಚ್ಚದ ಮಿತಿ 14,000 ಪೌಂಡು. ಬೇಕಾಗಿದ್ದುದು ಆಡಂಬರವಿಲ್ಲದ, ಸರಳವಾದ ಕಟ್ಟಡ. ಸ್ಪರ್ಧೆಯಲ್ಲಿ ಗೆದ್ದದ್ದು ಹನಿಮನ್ ಮತ್ತು ಕೆಪ್ಪಿ ಎಂಬ ಸಂಸ್ಥೆ. ಆ ನಕ್ಷೆಯ ಹಿಂದಿನ ಬುದ್ಧಿಯಾದರೋ ಅಲ್ಲಿ ನೌಕರಿಯಲ್ಲಿದ್ದ ಚಾರ್ಲ್ಸ್ ರೆನ್ನಿ ಮ್ಯಾಕಿಂಟಾಷ್ ಎಂಬ ತರುಣನದು. ಅವರು ಹುಟ್ಟಿದ್ದು 1868ರಲ್ಲಿ. ಆಗಿನ್ನೂ ಮೂವತ್ತು ತುಂಬಿರಲಿಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚಿದ ಕಟ್ಟಡ

ಗೊತ್ತುಪಡಿಸಿದ ಹಣದಲ್ಲಿ ಇಡೀ ಕಟ್ಟಡ ಮುಗಿಯುವಂತಿರಲಿಲ್ಲ. ಆಡಳಿತ ಮಂಡಳಿ ಸಾಲದ ಹೊರೆ ಹೊತ್ತು ಮುಂದುವರಿಯಲಿಲ್ಲ. ನಕ್ಷೆಯನ್ನು ಮೊಟಕುಗೊಳಿಸಲೂ ಇಲ್ಲ. 1897ರಿಂದ 1899ರವರೆಗೆ ಪೂರ್ವದ ಭಾಗವನ್ನೂ ನಡುವಿನ ಭಾಗವನ್ನೂ ಕಟ್ಟಿ ನಿಲ್ಲಿಸಿದರು. ಹಣ ಕೂಡಿಬಂದ ಮೇಲೆ 1907ರಿಂದ 1909ರವರೆಗೆ ಪಶ್ಚಿಮದ ಭಾಗವನ್ನು ಕಟ್ಟಿದರು. ನಡುವಿನ ಎಂಟು ವರ್ಷಗಳು ವ್ಯರ್ಥವಾಗಲಿಲ್ಲ. ಎರಡನೆಯ ಹಂತದಲ್ಲಿ ಮೇಲೊಂದು ಅಂತಸ್ತು ಸೇರಿತು. ಅಪಾಯದ ಸಮಯದಲ್ಲಿ ಹೊರಬರಲು ಎರಡು ತುದಿಗಳಲ್ಲೂ ಹೆಚ್ಚುವರಿ ಮೆಟ್ಟಿಲುಗಳು ಬಂದವು. ಪಶ್ಚಿಮದ ಗೋಡೆಯ ಎತ್ತರದ ಕಿಟಕಿಗಳ ಹಿಂದೆ, ಮುಂದೆ ಜಗದ್ವಿಖ್ಯಾತವಾದ ಮರಗೆಲಸದ ಗ್ರಂಥಾಲಯ ರೂಪುಗೊಂಡಿತು. ಕಾರ್ಖಾನೆಯ ವಿಸ್ತರಣೆಯನ್ನು ಒಂದೇ ಉಸಿರಿನಲ್ಲಿ ಸಾಲ ಮಾಡಿ ಮುಗಿಸಬೇಕೆಂಬ ಆತುರದವರು ಈ ಎಂಟು ವರ್ಷಗಳ ತಾಳ್ಮೆಯನ್ನು ಗಮನಿಸತಕ್ಕದ್ದು.

ಕಟ್ಟಡದ ಹಿರಿಮೆ ಅದರ ಅಲಂಕಾರದಲ್ಲಿ ಮಾತ್ರ ಇಲ್ಲ. ಉತ್ತರದ ಬೆಳಕು ದಿನವಿಡೀ ಹೆಚ್ಚು ಬದಲಾಗದೆ ಇರುವುದರಿಂದ ಚಿತ್ರ ಬರೆಯುವವರಿಗೆ ಅದು ಅನುಕೂಲ. ಆದುದರಿಂದ ಬೀದಿಯ ಕಡೆಗಿರುವ ಉತ್ತರದ ಗೋಡೆಯಲ್ಲಿ ಭಾರಿ ಗಾತ್ರದ ಕಿಟಕಿಗಳನ್ನು ಇರಿಸಲಾಯಿತು. ಆ ಕಿಟಕಿಗಳ ಮುಂದೆ ಹೂವಿನ ತೊಟ್ಟಿನಂತೆ ಬಾಗಿದ ಕಬ್ಬಿಣದ ಬ್ರಾಕೆಟ್ಟುಗಳಿದ್ದವು. ನೋಡುವವರಿಗೆ ಅವು ಅಲಂಕಾರ; ಆದರೆ ಗಾಜು ಒರೆಸುವವನು ಹಲಗೆ ಹಾಸಿಕೊಳ್ಳುವುದಕ್ಕೂ ಅವೇ ಆಧಾರ. ಒಂದು ಖರ್ಚಿನಲ್ಲಿ ಎರಡು ಕೆಲಸ. ನೆಲಮಾಳಿಗೆಯ ಫ್ಯಾನು ಬಿಸಿಗಾಳಿಯನ್ನು ಗೋಡೆಗಳೊಳಗಿನ ಕಾಲುವೆಗಳ ಮೂಲಕ ಎಲ್ಲ ಕೊಠಡಿಗಳಿಗೂ ತಲುಪಿಸುವ ವ್ಯವಸ್ಥೆಯಿತ್ತು. ಚಳಿಯ ಊರಿನಲ್ಲಿ, ಆ ಕಾಲಕ್ಕೆ, ಅದು ಬಹಳ ಮುಂದುವರಿದ ತಂತ್ರ. ಈ ಗಾಳಿ ಕಾಲುವೆಗಳ ವಿಷಯವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಬ್ರಿಟನ್ನಿನ ವಾಸ್ತುಶಿಲ್ಪಿಗಳ ಸಂಸ್ಥೆಯು 2009ರಲ್ಲಿ ನಡೆಸಿದ ಮತಗಣನೆಯಲ್ಲಿ, ಹಿಂದಿನ 175 ವರ್ಷಗಳ ಅತ್ಯುತ್ತಮ ಬ್ರಿಟಿಷ್ ಕಟ್ಟಡವೆಂದು ಇದು ಆಯ್ಕೆಯಾಯಿತು. ಕಟ್ಟಿಸಿದವರಿಗೆ ಬೇಕಾಗಿದ್ದುದು ಸರಳ ಕಟ್ಟಡವೊಂದೇ ಎಂಬುದನ್ನು ಇಲ್ಲಿ ಮರೆಯುವಂತಿಲ್ಲ. ಮಿತವ್ಯಯವು ಸೌಂದರ್ಯಕ್ಕೆ ಶತ್ರು ಎಂಬ ತಪ್ಪು ತಿಳಿವಳಿಕೆಗೆ ಇದಕ್ಕಿಂತ ಒಳ್ಳೆಯ ಉತ್ತರ ಇರಲಾರದು. ಇದನ್ನು ರಚಿಸಿದ ಮ್ಯಾಕಿಂಟಾಷ್ 1928ರಲ್ಲಿ ತೀರಿಕೊಂಡರು. 1933ರಲ್ಲಿ ಅವರ ಪತ್ನಿ ಮಾರ್ಗರೆಟ್ ತೀರಿಕೊಂಡಾಗ ದಂಪತಿಗಳ ಕಾರ್ಯಾಲಯದಲ್ಲಿದ್ದ ಕುರ್ಚಿ, ಚಿತ್ರ, ನಕ್ಷೆಗಳಿಗೆಲ್ಲ ಕಟ್ಟಿದ ಬೆಲೆ 88 ಪೌಂಡಿಗೆ ತುಸು ಹೆಚ್ಚು, ಅಷ್ಟೆ. ಈಚಿನ ದಶಕಗಳಲ್ಲಿ ಅವರ ಕೆಲವು ಪೀಠೋಪಕರಣಗಳು ಹರಾಜಿನಲ್ಲಿ ಲಕ್ಷಗಟ್ಟಲೆ ಪೌಂಡು ತಂದಿವೆ. ಕಾಗದದ ಮೇಲಿನ ಬೆಲೆಯನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದಕ್ಕೆ ಇದೊಂದು ಎಚ್ಚರಿಕೆ.

ಎರಡು ಬೆಂಕಿಗಳು

2014ರ ಮೇ 23ರಂದು ವಿದ್ಯಾರ್ಥಿಗಳು ವರ್ಷಾಂತ್ಯದ ಪ್ರದರ್ಶನಕ್ಕೆ ಸಿದ್ಧತೆ ನಡೆಸುತ್ತಿದ್ದರು. ನೆಲಮಾಳಿಗೆಯಲ್ಲಿ ಕಲಾಕೃತಿಯೊಂದಕ್ಕೆ ಬಳಸುತ್ತಿದ್ದ ಫೋಮ್ ಡಬ್ಬಿಯಿಂದ ಹೊರಬಂದ ಅನಿಲಕ್ಕೆ ಪ್ರೊಜೆಕ್ಟರಿನ ಬಿಸಿಯಿಂದ ಬೆಂಕಿ ತಗುಲಿತು ಎಂದು ತನಿಖೆಯಿಂದ ತಿಳಿದುಬಂತು. ಕಿಡಿ ಸಣ್ಣದೇ. ಆದರೆ ಶತಮಾನದ ಹಿಂದೆ ಬಿಸಿಗಾಳಿಗಾಗಿ ಮಾಡಿದ್ದ ಆ ಕಾಲುವೆಗಳೇ ಈಗ ಹೊಗೆಗೊಳವೆಗಳಾಗಿ, ಬೆಂಕಿಯನ್ನು ಮೇಲಿನ ಅಂತಸ್ತುಗಳಿಗೆ ಹೊತ್ತೊಯ್ದವು. ಗ್ರಂಥಾಲಯ ಬೂದಿಯಾಯಿತು. ಕಟ್ಟಡದಲ್ಲಿ ಬೆಂಕಿ ನಂದಿಸುವ ತುಂತುರು ವ್ಯವಸ್ಥೆಯನ್ನು ಅಳವಡಿಸುವ ಕೆಲಸ ಆಗ ನಡೆಯುತ್ತಿತ್ತು, ಆದರೆ ಪೂರ್ಣಗೊಂಡಿರಲಿಲ್ಲ. ಆದರೂ ಅಗ್ನಿಶಾಮಕ ಸಿಬ್ಬಂದಿಯ ಶ್ರಮದಿಂದ ಕಟ್ಟಡದ ಶೇ. 90ಕ್ಕೂ ಹೆಚ್ಚು ಭಾಗ ಉಳಿಯಿತು.

ಅನಂತರ ಸುಮಾರು 3.5 ಕೋಟಿ ಪೌಂಡು ವೆಚ್ಚದ ಜೀರ್ಣೋದ್ಧಾರ ಕಾರ್ಯವನ್ನು ಕೈಗೊಳ್ಳಲಾಯಿತು. 2019ರಲ್ಲಿ ಮತ್ತೆ ತೆರೆಯುವ ಯೋಜನೆಯಿತ್ತು. ಕೆಲಸ ಮುಕ್ತಾಯದ ಹಂತಕ್ಕೆ ಬರುತ್ತಿದ್ದಾಗ, 2018ರ ಜೂನ್ 15ರ ರಾತ್ರಿ ಎರಡನೆಯ ಬೆಂಕಿ ಬಿತ್ತು. ಆ ರಾತ್ರಿಯೂ ಕಟ್ಟಡದಲ್ಲಿ ಕಾರ್ಯನಿರತವಾದ ತುಂತುರು ವ್ಯವಸ್ಥೆ ಇರಲಿಲ್ಲ. ಮೊದಲ ಬೆಂಕಿ ಉಳಿಸಿದ್ದನ್ನು ಎರಡನೆಯದು ನುಂಗಿತು. ಉಳಿದದ್ದು ಸುಟ್ಟ ಗೋಡೆಗಳು ಮಾತ್ರ. ಅಗ್ನಿಶಾಮಕ ಇಲಾಖೆಯು ಮೂರೂವರೆ ವರ್ಷ ತನಿಖೆ ನಡೆಸಿ 2022ರ ಜನವರಿಯಲ್ಲಿ ವರದಿ ನೀಡಿತು. ಹಾನಿ ಅಷ್ಟು ವ್ಯಾಪಕವಾಗಿದ್ದುದರಿಂದ ಬೆಂಕಿಯ ಕಾರಣವನ್ನು ನಿರ್ಧರಿಸಲು ಸಾಧ್ಯವಾಗಿಲ್ಲ ಎಂಬುದೇ ಅದರ ಸಾರ. ಸ್ಕಾಟ್ಲೆಂಡಿನ ಸಂಸತ್ತಿನ ಸಮಿತಿಯೊಂದು 2019ರ ಮಾರ್ಚ್‌ನಲ್ಲಿ, ಈ ಕಟ್ಟಡದ ರಕ್ಷಣೆಗೆ ಶಾಲೆಯು ಸಾಕಷ್ಟು ಆದ್ಯತೆ ನೀಡಿರಲಿಲ್ಲ ಎಂದು ಟೀಕಿಸಿತ್ತು.

ಬೆಂಕಿಯ ಬೇಗೆ ಶಾಲೆಗಷ್ಟೇ ಸೀಮಿತವಾಗಲಿಲ್ಲ. ಪಕ್ಕದ ಸಂಗೀತ ಸಭಾಂಗಣವೂ ಸುಟ್ಟಿತು. ಗೋಡೆಗಳು ಕುಸಿಯುವ ಭೀತಿಯಿಂದ ಅಧಿಕಾರಿಗಳು ಸುತ್ತಲಿನ ಬೀದಿಗಳನ್ನು ಮುಚ್ಚಿದರು. ತಮ್ಮ ಅಂಗಡಿಗೆ ಕಿಡಿಯೂ ತಾಗದ ವರ್ತಕರು ವಾರಗಟ್ಟಲೆ ಬಾಗಿಲು ತೆರೆಯಲಾರದೆ ಕುಳಿತರು.

ಮೈಸೂರಿನ ನೆನಪು

ಗ್ಲಾಸ್ಗೋದಲ್ಲಿ ಈ ಕಟ್ಟಡದ ಕೆಲಸ ಪ್ರಾರಂಭವಾದ 1897ರಲ್ಲಿಯೇ ನಮ್ಮ ಮೈಸೂರಿನ ಹಳೆಯ ಮರದ ಅರಮನೆಯು ರಾಜಕುಮಾರಿಯ ವಿವಾಹ ಸಂದರ್ಭದಲ್ಲಿ ಬೆಂಕಿಗೆ ಆಹುತಿಯಾಯಿತು. ಅದೇ ಸ್ಥಳದಲ್ಲಿ ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿಯ ನಕ್ಷೆಯಂತೆ 41,47,913 ರೂಪಾಯಿ ವೆಚ್ಚದಲ್ಲಿ ಹೊಸ ಅರಮನೆ 1912ರಲ್ಲಿ ಪೂರ್ಣಗೊಂಡಿತು. ಅದರ ಕಲ್ಯಾಣ ಮಂಟಪದ ಎರಕದ ಕಬ್ಬಿಣದ ಕಂಬಗಳು ಬಂದದ್ದು ಗ್ಲಾಸ್ಗೋದ ಮ್ಯಾಕ್‌ಫರ್ಲೇನ್ ಸಂಸ್ಥೆಯ ಎರಕದ ಮನೆಯಿಂದ. ಎರಡು ಊರುಗಳ ನಡುವೆ ಇಂತಹ ನಂಟೂ ಉಂಟು.

ಗಮನಿಸಬೇಕಾದ ಅಂಶವೆಂದರೆ, ಮೈಸೂರಿನವರು ಹಳೆಯ ಅರಮನೆಯನ್ನು ಇದ್ದ ಹಾಗೆಯೇ ಮರದಲ್ಲಿ ಕಟ್ಟಲು ಹೋಗಲಿಲ್ಲ. ಹೊಸದಕ್ಕೆ ಕಲ್ಲು, ಇಟ್ಟಿಗೆ, ಕಬ್ಬಿಣಗಳನ್ನು ಬಳಸಿದರು. ಬೆಂಕಿ ಕಲಿಸಿದ ಪಾಠವು ಕಟ್ಟಡದ ಮೂಳೆಯಲ್ಲಿಯೇ ಸೇರಿತು.

ಮತ್ತೆ ಕಟ್ಟಬೇಕೆ?

ಗ್ಲಾಸ್ಗೋದಲ್ಲಿ ಎರಡನೆಯ ಬೆಂಕಿಯ ನಂತರ ದೊಡ್ಡ ಚರ್ಚೆ ನಡೆಯಿತು. ಸುಟ್ಟದ್ದನ್ನು ಪುನಃ ಕಟ್ಟಿದರೆ ಅದು ಮ್ಯಾಕಿಂಟಾಷರ ಕಟ್ಟಡವಾಗದು, ಅದರ ನಕಲಾಗುತ್ತದೆ; ಆ ಹಣದಲ್ಲಿ ಈ ಕಾಲದ ತರುಣ ವಾಸ್ತುಶಿಲ್ಪಿಯೊಬ್ಬನಿಗೆ ಅವಕಾಶ ಕೊಡಿ ಎಂಬುದು ಒಂದು ವಾದ. ಈ ವಾದ ತಳ್ಳಿಹಾಕುವಂಥದ್ದಲ್ಲ. 1896ರಲ್ಲಿ ಆ ಶಾಲೆ ಮಾಡಿದ್ದೂ ಅದನ್ನೇ ಅಲ್ಲವೆ? ಆದರೆ 2021ರಲ್ಲಿ ಶಾಲೆಯು ಮೂಲ ಕಟ್ಟಡವನ್ನು ನಿಷ್ಠೆಯಿಂದ ಪುನರ್ನಿರ್ಮಿಸುವ ನಿರ್ಧಾರ ಪ್ರಕಟಿಸಿತು. ಆ ಬಳಿಕವೂ ದಾರಿ ಸುಗಮವಾಗಲಿಲ್ಲ. ವಾಸ್ತುಶಿಲ್ಪಿಗಳ ಆಯ್ಕೆಯ ಪ್ರಕ್ರಿಯೆಯು ಅಂಕ ನೀಡಿಕೆಯಲ್ಲಿನ ತಾಂತ್ರಿಕ ದೋಷದ ಕಾರಣ 2023ರಲ್ಲಿ ರದ್ದಾಯಿತು. ವಿಮಾ ಪರಿಹಾರದ ವ್ಯಾಜ್ಯವು ಮಧ್ಯಸ್ಥಿಕೆದಾರರ ಮುಂದೆ ಹೋಯಿತು.

ನನ್ನ ಅಭಿಪ್ರಾಯದಲ್ಲಿ ಪುನರ್ನಿರ್ಮಾಣವೇ ಸರಿ. ಕಾರಣ ಭಾವನಾತ್ಮಕವಾದುದಲ್ಲ. ಮೊದಲ ಬೆಂಕಿಯ ನಂತರ ಕಟ್ಟಡವನ್ನು ಲೇಸರ್ ಯಂತ್ರಗಳಿಂದ ಅಳತೆ ಮಾಡಿ ವಿವರವಾದ ದಾಖಲೆ ಸಿದ್ಧಪಡಿಸಲಾಗಿತ್ತು. ಹಳೆಯ ನಕ್ಷೆಗಳೂ ಇವೆ. ಜೀರ್ಣೋದ್ಧಾರದಲ್ಲಿ ದುಡಿದ ಕುಶಲಕರ್ಮಿಗಳ ಅನುಭವವೂ ಇದೆ. ಇಷ್ಟು ದಾಖಲೆ ಇರುವ ಕಟ್ಟಡವನ್ನು ಪುನಃ ಕಟ್ಟುವುದು ಊಹೆಯಾಗುವುದಿಲ್ಲ. ಮೇಲಾಗಿ ಅದು ವಸ್ತುಸಂಗ್ರಹಾಲಯವಾಗಿರಲಿಲ್ಲ. ನೂರು ವರ್ಷಕ್ಕೂ ಮೇಲ್ಪಟ್ಟು ಅದೇ ಕೊಠಡಿಗಳಲ್ಲಿ ಮಕ್ಕಳು ಕಲಿತರು. ಆದರೆ ಒಂದು ಷರತ್ತು ಅಗತ್ಯ. ಅಂದಾಜು ಪಟ್ಟಿಯ ಮೊದಲನೆಯ ಬಾಬು ಬೆಂಕಿ ತಡೆಯ ವ್ಯವಸ್ಥೆಯಾಗಬೇಕು, ಕೊನೆಯದಲ್ಲ. ಮರದ ಗ್ರಂಥಾಲಯ ಮತ್ತೆ ಬರಲಿ. ಅದಕ್ಕೆ ಮೊದಲು ನೀರಿನ ಕೊಳವೆ ಬರಲಿ. ಈ ವಿವೇಕವಿಲ್ಲದ ಪುನರ್ನಿರ್ಮಾಣವು ಮೂರನೆಯ ಬೆಂಕಿಗೆ ಒಟ್ಟುವ ಸೌದೆಯಾದೀತು.

ನಮ್ಮ ಲೆಕ್ಕದ ಪುಸ್ತಕಗಳಿಗೆ ಅನ್ವಯಿಸಿದಾಗ

ಈಗ ನಮ್ಮ ಸದಸ್ಯರಿಗೆ ನೇರವಾಗಿ ತಟ್ಟುವ ನಾಲ್ಕು ಸಂಗತಿಗಳನ್ನು ಹೇಳಬಯಸುತ್ತೇನೆ.

ಮೊದಲನೆಯದು ವಿಮಾ ಮೊತ್ತ. ಲೆಕ್ಕಪರಿಶೋಧನೆಯ ವೃತ್ತಿಯಲ್ಲಿ ಪದೇ ಪದೇ ಕಾಣುವ ಸಂಗತಿಯೆಂದರೆ, ಆಢಾವೆ ಪತ್ರಿಕೆಯಲ್ಲಿ ಕಾಣುವ ಬೆಲೆಯನ್ನೇ ವಿಮಾ ಮೊತ್ತವೆಂದು ಬರೆದುಕೊಡುವ ಪದ್ಧತಿ. ಇಪ್ಪತ್ತು ವರ್ಷಗಳ ಹಿಂದೆ 40 ಲಕ್ಷ ರೂಪಾಯಿಗೆ ಕಟ್ಟಿದ ಕಾರ್ಖಾನೆ ಕಟ್ಟಡದ ಮೇಲೆ ವರ್ಷಂಪ್ರತಿ ಶೇ. 10ರಂತೆ ಇಳಿಕೆ ಬೆಲೆಯ ಪದ್ಧತಿಯಲ್ಲಿ ಸವಕಳಿ ಕಳೆಯುತ್ತ ಬಂದರೆ ಪುಸ್ತಕದಲ್ಲಿ ಉಳಿಯುವುದು ಸುಮಾರು 4.86 ಲಕ್ಷ. ತೆರಿಗೆಯ ದೃಷ್ಟಿಯಿಂದ ಅದು ಸರಿ. ಆದರೆ ಅದೇ ಕಟ್ಟಡವನ್ನು ಇಂದು ಎಬ್ಬಿಸಲು ಕೋಟಿ ರೂಪಾಯಿಯೂ ಬೇಕಾಗಬಹುದು. ಸವಕಳಿ ಎಂಬುದು ತೆರಿಗೆ ಕಾಯ್ದೆ ಕೊಟ್ಟ ಅನುಕೂಲವೇ ಹೊರತು ಸಿಮೆಂಟು, ಕಬ್ಬಿಣಗಳ ಇಂದಿನ ದರವಲ್ಲ.

ಇದರ ಪರಿಣಾಮವನ್ನು ಲೆಕ್ಕದಲ್ಲಿಯೇ ನೋಡೋಣ. ಒಂದು ಕೋಟಿ ಬೆಲೆಯ ಆಸ್ತಿಗೆ 60 ಲಕ್ಷಕ್ಕೆ ಮಾತ್ರ ವಿಮೆ ಮಾಡಿಸಿದ್ದೀರಿ ಎನ್ನೋಣ. ಬೆಂಕಿಯಿಂದ 20 ಲಕ್ಷ ನಷ್ಟವಾಯಿತು. ವಿಮೆ 60 ಲಕ್ಷ ಇರುವುದರಿಂದ ಪೂರ್ಣ 20 ಲಕ್ಷ ಬರುತ್ತದೆಂದು ಹಲವರು ತಿಳಿಯುತ್ತಾರೆ. ಸರಾಸರಿ ನಿಯಮದ ಪ್ರಕಾರ ಬರುವುದು 12 ಲಕ್ಷ ಮಾತ್ರ. ಉಳಿದ 40 ಭಾಗಕ್ಕೆ ನೀವೇ ವಿಮಾದಾರರೆಂದು ಕಂಪನಿ ಪರಿಗಣಿಸುತ್ತದೆ. ಸಣ್ಣ ಉದ್ದಿಮೆಗಳಿಗಾಗಿ 2021ರ ಏಪ್ರಿಲ್ 1ರಿಂದ ಬಂದ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಮತ್ತು ಭಾರತ್ ಲಘು ಉದ್ಯಮ ಸುರಕ್ಷಾ ಪಾಲಿಸಿಗಳಲ್ಲಿ ಶೇ. 15ರವರೆಗಿನ ಕೊರತೆಗೆ ವಿನಾಯಿತಿ ಇದೆ. ಮೊದಲನೆಯದು ಒಂದು ಸ್ಥಳದಲ್ಲಿ 5 ಕೋಟಿವರೆಗಿನ ಆಸ್ತಿಗೆ, ಎರಡನೆಯದು 5ರಿಂದ 50 ಕೋಟಿವರೆಗಿನ ಆಸ್ತಿಗೆ. ಆದರೆ ಮೇಲಿನ ಉದಾಹರಣೆಯಂತೆ ಕೊರತೆ ಶೇ. 40 ಇದ್ದರೆ ಈ ವಿನಾಯಿತಿಯೂ ಕೈಹಿಡಿಯದು.

ಎರಡನೆಯದು ದುರಸ್ತಿಯ ಕಾಲ. ಗ್ಲಾಸ್ಗೋ ಕಟ್ಟಡಕ್ಕೆ ಅತಿ ದೊಡ್ಡ ಪೆಟ್ಟು ಬಿದ್ದದ್ದು ಅದು ಬಳಕೆಯಲ್ಲಿದ್ದಾಗಲ್ಲ, ರಿಪೇರಿಯಲ್ಲಿದ್ದಾಗ. ನಮ್ಮಲ್ಲಿ ಶೆಡ್ಡಿನ ಛಾವಣಿಗೆ ವೆಲ್ಡಿಂಗ್ ನಡೆಯುತ್ತಿರುವಾಗ ಕೆಳಗೆ ದಾಸ್ತಾನು ಹಾಗೆಯೇ ಇರುತ್ತದೆ. ತಾತ್ಕಾಲಿಕ ವೈರುಗಳು ನೆಲದ ಮೇಲೆ ಹರಿದಾಡುತ್ತವೆ. ರಾತ್ರಿ ಕಾವಲುಗಾರನೊಬ್ಬನ ಹೊರತು ಯಾರೂ ಇರುವುದಿಲ್ಲ. ಮೇಲಾಗಿ ಬೆಂಕಿ ವಿಮೆಯ ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಒಂದು ಷರತ್ತಿರುತ್ತದೆ: ಕಟ್ಟಡವು 30 ದಿನಗಳಿಗೂ ಹೆಚ್ಚು ಕಾಲ ಬಳಕೆಯಿಲ್ಲದೆ ಖಾಲಿ ಬಿದ್ದರೆ, ಕಂಪನಿಗೆ ತಿಳಿಸಿ ಒಪ್ಪಿಗೆ ಪಡೆಯದ ಹೊರತು ರಕ್ಷಣೆ ನಿಂತುಹೋಗುತ್ತದೆ. ದುರಸ್ತಿಗಾಗಿ ಕಾರ್ಖಾನೆ ಮುಚ್ಚುವ ಮೊದಲು ಪಾಲಿಸಿಯ ಈ ಪುಟವನ್ನು ಓದಿ, ಕಂಪನಿಗೆ ಬರಹದ ಮೂಲಕ ತಿಳಿಸತಕ್ಕದ್ದು.

ಮೂರನೆಯದು ನೆರೆಯವರ ಬೆಂಕಿ. ಪಕ್ಕದ ಕಟ್ಟಡ ಸುಟ್ಟು ಬೀದಿ ಮುಚ್ಚಿದರೆ ನಮ್ಮ ಸರಕಿಗೆ ಹಾನಿಯಾಗಿರುವುದಿಲ್ಲ. ಆದುದರಿಂದ ಸಾಧಾರಣ ಬೆಂಕಿ ವಿಮೆಯಿಂದ ಬಿಡಿಗಾಸೂ ಬರುವುದಿಲ್ಲ. ವ್ಯಾಪಾರ ಸ್ಥಗಿತದಿಂದ ಆಗುವ ಲಾಭನಷ್ಟಕ್ಕೆ ಪ್ರತ್ಯೇಕ ವಿಮೆ ಬೇಕು. ಅದರಲ್ಲಿಯೂ ಸ್ಥಳಕ್ಕೆ ಪ್ರವೇಶ ತಪ್ಪಿದಾಗ ಪರಿಹಾರ ಸಿಗುವ ಹೆಚ್ಚುವರಿ ಕಲಮನ್ನು ಕೇಳಿ ಸೇರಿಸಿಕೊಳ್ಳಬೇಕು. ಒತ್ತೊತ್ತಾಗಿ ಅಂಗಡಿಗಳಿರುವ ಪೇಟೆಗಳಲ್ಲಿ ಇದು ಚಿಂತನಾರ್ಹ.

ನಾಲ್ಕನೆಯದು ದಾಖಲೆ. ಗ್ಲಾಸ್ಗೋದವರು ಇಂದು ಪುನರ್ನಿರ್ಮಾಣದ ಮಾತನಾಡಲು ಸಾಧ್ಯವಾಗಿದ್ದರೆ ಅದಕ್ಕೆ ಕಾರಣ ಕಟ್ಟಡದ ಅಳತೆಗಳು ಕಟ್ಟಡದ ಹೊರಗೂ ಇದ್ದುದು. ನಮ್ಮಲ್ಲಿ ಕಟ್ಟಡದ ನಕ್ಷೆ, ಯಂತ್ರಗಳ ಖರೀದಿ ಬಿಲ್ಲು, ದಾಸ್ತಾನು ಪುಸ್ತಕ, ಕಡೆಗೆ ವಿಮಾ ಪಾಲಿಸಿ, ಎಲ್ಲವೂ ಅದೇ ಕಾರ್ಖಾನೆಯ ಕಚೇರಿಯ ಕಪಾಟಿನಲ್ಲಿರುತ್ತವೆ. ಬೆಂಕಿ ಬಿದ್ದರೆ ಆಸ್ತಿಯೊಡನೆ ಆಸ್ತಿ ಇತ್ತೆಂಬ ಸಾಕ್ಷ್ಯವೂ ಸುಟ್ಟುಹೋಗುತ್ತದೆ. ಇವುಗಳ ಪ್ರತಿಯೊಂದನ್ನು ಮನೆಯಲ್ಲಿ ಅಥವಾ ಬ್ಯಾಂಕಿನ ಲಾಕರಿನಲ್ಲಿ, ಮತ್ತೊಂದನ್ನು ಗಣಕಯಂತ್ರದ ಹೊರಗಣ ಸಂಗ್ರಹದಲ್ಲಿ ಇರಿಸುವುದಕ್ಕೆ ಹೆಚ್ಚು ಖರ್ಚಿಲ್ಲ. ಯಂತ್ರಗಳ ಛಾಯಾಚಿತ್ರಗಳನ್ನೂ ತೆಗೆದಿಟ್ಟರೆ ಇನ್ನೂ ಒಳ್ಳೆಯದು.

ಬೆಂಕಿ ಬಿದ್ದಾಗ ಬಾವಿ ತೋಡಿದರು ಎಂಬ ಗಾದೆಯನ್ನು ನಾವು ಅನ್ಯರನ್ನು ಹಂಗಿಸಲು ಬಳಸುತ್ತೇವೆ. ಗ್ಲಾಸ್ಗೋದಲ್ಲಿ ಬಾವಿ ತೋಡುವ ನಿರ್ಧಾರವೇನೋ ಆಗಿತ್ತು, ಹಣವೂ ಮೀಸಲಾಗಿತ್ತು, ಕೆಲಸವೂ ನಡೆಯುತ್ತಿತ್ತು. ನೀರು ಬರುವ ಮೊದಲೇ ಬೆಂಕಿ ಬಂತು. ನಿರ್ಧಾರ ಮಾಡಿದ್ದೇವೆ ಎಂಬ ಸಮಾಧಾನ ಯಾವ ಕಟ್ಟಡವನ್ನೂ ಉಳಿಸುವುದಿಲ್ಲ. ಈ ತಿಂಗಳು ವಿಮೆ ನವೀಕರಿಸುವ ಸದಸ್ಯರು ಕಳೆದ ವರ್ಷದ ಮೊತ್ತವನ್ನೇ ಮತ್ತೆ ಬರೆಯುವ ಮೊದಲು, ಗುತ್ತಿಗೆದಾರರೊಬ್ಬರನ್ನು ಕರೆಸಿ ಇದೇ ಶೆಡ್ಡನ್ನು ಇಂದು ಕಟ್ಟಲು ಎಷ್ಟಾದೀತು ಎಂಬ ಒಂದು ಪ್ರಶ್ನೆ ಕೇಳಲಿ. ಬಂದ ಉತ್ತರವನ್ನು ತಮ್ಮ ಲೆಕ್ಕಪರಿಶೋಧಕರಿಗೂ ವಿಮಾ ಪ್ರತಿನಿಧಿಗೂ ತೋರಿಸಲಿ. ಮುಂದಿನ ಕಂತಿನ ಚೆಕ್ಕಿಗೆ ಸಹಿ ಹಾಕುವುದು ಅದರ ನಂತರವಾಗಲಿ.